ಬೇವಿನಕಟ್ಟೆ ಗೇಟಿನ ಏಳು ನಿಮಿಷ

ಕಾಂತರಾಜು ಸರ್ ನನ್ನ ಹತ್ತಿರ ಎರಡು ಪುಟ ಕೇಳಿದ್ದಾರೆ, ಕಾಲೇಜಿನ ವಾರ್ಷಿಕ ಸಂಚಿಕೆಗೆ. ವಿಷಯವನ್ನೂ ಅವರೇ ಕೊಟ್ಟಿದ್ದಾರೆ: ‘ಕ್ಯಾಂಪಸ್ಸು, ಸಮಾಜ, ತಂತ್ರಜ್ಞಾನ — ಒಬ್ಬ ವಿದ್ಯಾರ್ಥಿನಿಯ ಅನುಭವ’. “ನಿಮ್ಮ ಬಸ್ ಪ್ರಾಜೆಕ್ಟ್ ಬಗ್ಗೆ ಬರಿಯಮ್ಮ ಸ್ಫೂರ್ತಿ, ಬಹುಮಾನ ತಗೊಂಡ ಫೋಟೋನೂ ಹಾಕೋಣ” ಅಂದರು. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಮೊದಲ ಪ್ಯಾರಾದಲ್ಲೇ ಸುಳ್ಳು ನುಸುಳಿತು. ಹಾಗಾಗಿ ಅವರು ಕೇಳಿದ್ದನ್ನು ಬಿಟ್ಟು ಆದದ್ದನ್ನು ಬರೆಯುತ್ತಿದ್ದೇನೆ. ಇದು ಎರಡು ಪುಟಕ್ಕೆ ಮುಗಿಯುವುದಿಲ್ಲ. ಫೋಟೋ ಹಾಕುವಂಥದ್ದೂ ಇದರಲ್ಲಿ ಏನಿಲ್ಲ.

ನಾನು ಅಜ್ಜಂಪುರದವಳು. ಅಪ್ಪ ಸೋಮಶೇಖರಪ್ಪನವರದು ನೋಟ್‌ಬುಕ್ಕು, ಪೆನ್ನು, ಜೆರಾಕ್ಸಿನ ಸಣ್ಣ ಅಂಗಡಿ. ನಾನು ತರೀಕೆರೆಯ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ. ನನ್ನ ಬಾಯಿ ಸ್ವಲ್ಪ ಜೋರು. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳು ನಮ್ಮ ಮನೆಯ ಟಿವಿ ಸ್ಟ್ಯಾಂಡಿನಲ್ಲಿ ಜಾಗ ಸಾಲದೆ ಫ್ರಿಜ್ಜಿನ ಮೇಲೆ ಕೂತಿವೆ. ಅಮ್ಮ ಅವುಗಳ ಧೂಳು ಒರೆಸುತ್ತ, “ಎಲುಬಿಲ್ಲದ ನಾಲಿಗೆಗೆ ಎಷ್ಟೊಂದು ಕಪ್ಪು ಕೊಡ್ತಾರಪ್ಪ” ಅನ್ನುತ್ತಾಳೆ. ತಪ್ಪು ಕಂಡರೆ ಸುಮ್ಮನಿರುವುದು ನನ್ನ ಜಾಯಮಾನದಲ್ಲಿ ಇಲ್ಲ. ಇದನ್ನು ನಾನು ಬಹಳ ದಿನ ಗುಣ ಅಂತಲೇ ತಿಳಿದಿದ್ದೆ.

ನಮ್ಮ ಬಸ್ಸು ಅಂತರಘಟ್ಟೆ ಕಡೆಯಿಂದ ಬಂದು, ಅಜ್ಜಂಪುರದಲ್ಲಿ ನಮ್ಮನ್ನು ತುಂಬಿಕೊಂಡು ತರೀಕೆರೆಗೆ ಹೋಗುವ ಕೆಂಪು ಬಸ್ಸು. ಕಾಲೇಜಿನ ಮೊದಲ ಪೀರಿಯಡ್ ಒಂಬತ್ತಕ್ಕೆ. ಬಸ್ಸು ದಿನಾ ತಡ. ಒಂದು ದಿನ ಐದು ನಿಮಿಷ, ಒಂದು ದಿನ ಹದಿನೈದು. ಎರಡನೇ ವರ್ಷದಲ್ಲಿ ನಮ್ಮ ಮೇಷ್ಟ್ರೊಬ್ಬರು ತಡವಾಗಿ ಬಂದವರನ್ನು ಒಳಗೆ ಬಿಡದೆ ಬಾಗಿಲು ಹಾಕಿಕೊಂಡರು. ಕಾರಿಡಾರಿನಲ್ಲಿ ಹನ್ನೊಂದು ಜನ ಕುರಿಗಳ ಹಾಗೆ ನಿಂತೆವು. ಅವತ್ತು ನನಗೆ ಬಂದ ಸಿಟ್ಟೇ ಈ ಎಲ್ಲದರ ಬೀಜ.

ನಮ್ಮ ಕಾಲೇಜಿನಲ್ಲಿ ‘ನಾಗರಿಕ ವೇದಿಕೆ’ ಅಂತ ಒಂದಿದೆ. ಕಾಂತರಾಜು ಸರ್ ಅದರ ಸಂಚಾಲಕರು. ಪಾಠ ಮಾಡುವುದು ರಾಜ್ಯಶಾಸ್ತ್ರ. ಅಲ್ಲಿಯವರೆಗೆ ವೇದಿಕೆ ಅಂದರೆ ವರ್ಷಕ್ಕೊಮ್ಮೆ ಪೊರಕೆ ಹಿಡಿದು ಫೋಟೋ ತೆಗೆಸಿಕೊಳ್ಳುವುದು, ಆಮೇಲೆ ಎಲ್ಲರಿಗೂ ಒಂದೊಂದು ಸರ್ಟಿಫಿಕೇಟ್. ನಾನು ಎದ್ದು ನಿಂತು, “ಸರ್, ಪೊರಕೆ ಸಾಕು. ಬಸ್ಸಿನ ವಿಷಯ ಹಿಡಿಯೋಣ. ಅರ್ಜಿ ಕೊಟ್ಟರೆ ಕಸದ ಬುಟ್ಟಿಗೆ ಹೋಗುತ್ತೆ. ಲೆಕ್ಕ ಕೊಟ್ಟರೆ ಯಾರೂ ಅಲ್ಲಗಳೆಯೋಕಾಗಲ್ಲ” ಅಂದೆ. ಬಿ.ಸಿ.ಎ.ಯ ಧನಪಾಲ್ ಎರಡೇ ವಾರದಲ್ಲಿ ಒಂದು ಆಪ್ ಮಾಡಿಕೊಟ್ಟ. ಹೆಸರು ‘ನಮ್ಮ ಬಸ್ಸು’. ಬಸ್ಸಿನಲ್ಲಿ ಕೂತವರು ಪ್ರತಿ ಸ್ಟಾಪಿನಲ್ಲೂ ಒಂದು ಗುಂಡಿ ಒತ್ತಿದರೆ ಸಾಕು, ಬಸ್ಸು ಬಂದ ಹೊತ್ತು, ಹೊರಟ ಹೊತ್ತು ದಾಖಲಾಗುತ್ತಿತ್ತು. ಸರಿಯಿದ್ದರೆ ಹಸಿರು, ತಡವಾದರೆ ಕೆಂಪು. ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ನಾನೂರಕ್ಕೂ ಹೆಚ್ಚು ಜನ ಇದ್ದೆವು. ಹಾಕಿದ ದಿನವೇ ನೂರು ಜನ ಇಳಿಸಿಕೊಂಡರು. ಇಡೀ ಕ್ಯಾಂಪಸ್ಸು ಒಂದೇ ಮನೆಯಾದ ಹಾಗೆ ಅನ್ನಿಸಿತ್ತು ನನಗೆ.

ನಾಲ್ಕು ತಿಂಗಳು ಒತ್ತಿದೆವು. ನಾನು ಹಿಂದಿನ ಕಿಟಕಿ ಸೀಟು ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಒಂದು ಸ್ಟಾಪನ್ನೂ ಬಿಡದೆ ಒತ್ತಿದೆ. ಲೆಕ್ಕ ಬಂದಾಗ ನಮಗೇ ಆಶ್ಚರ್ಯ. ಉಳಿದ ಕಡೆ ಅರ್ಧ ನಿಮಿಷ, ಒಂದು ನಿಮಿಷ ಹೆಚ್ಚುಕಡಿಮೆ. ಬೇವಿನಕಟ್ಟೆ ಗೇಟ್ ಅನ್ನುವ ಒಂದೇ ಒಂದು ಸ್ಟಾಪಿನಲ್ಲಿ ಬಹುತೇಕ ದಿನಾ ಏಳು ನಿಮಿಷ. ಒಂದು ಬೇವಿನ ಮರ, ಒಂದು ಸಿಮೆಂಟಿನ ಕಟ್ಟೆ, ಒಳಗೆ ಊರಿಗೆ ಹೋಗುವ ಮಣ್ಣಿನ ದಾರಿ. ಅಲ್ಲಿ ಹತ್ತುವುದು ಹೆಚ್ಚೆಂದರೆ ನಾಲ್ಕು ಜನ.

ನಾನು ನೋಡಿರಲಿಲ್ಲ ಅಂತ ಹೇಳಿದರೆ ಅದೂ ಒಂದು ಸುಳ್ಳು. ನೋಡಿದ್ದೆ. ಡ್ರೈವರ್ ಉಗ್ರಪ್ಪ ಅಲ್ಲಿ ಇಂಜಿನ್ ಆಫ್ ಮಾಡಿ, ಕೆಳಗಿಳಿದು, ಸುಮ್ಮನೆ ಟೈರು ಒದ್ದು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಣ್ಣಿನ ದಾರಿಯಲ್ಲಿ ಒಬ್ಬ ಹುಡುಗಿ ಓಡಿ ಬರುತ್ತಿದ್ದಳು. ಎದೆಗೆ ಅವಚಿಕೊಂಡ ಬ್ಯಾಗು, ಮೊಣಕಾಲವರೆಗೆ ಒದ್ದೆಯಾದ ಚೂಡಿದಾರ. ಮುಂದಿನ ಬಾಗಿಲಲ್ಲಿ ಹತ್ತಿದೊಡನೆ ಮುಂದೆ ಕೂತವರು ಅವಳಿಗೆ ಏನೋ ಕೇಳುತ್ತಿದ್ದರು, ಅವಳು ಏನೋ ಹೇಳುತ್ತಿದ್ದಳು, ಎಲ್ಲರೂ ನಗುತ್ತಿದ್ದರು. ನನ್ನ ಕಿವಿಯಲ್ಲಿ ಹಾಡು ಇರುತ್ತಿದ್ದುದರಿಂದ ಮಾತು ಕೇಳುತ್ತಿರಲಿಲ್ಲ. ‘ಎಂಟು ಗಂಟೆಗೆ ಎದ್ದು ಬರುವ ಮಹಾರಾಣಿ’ ಅಂದುಕೊಂಡು ಕೆಂಪು ಗುಂಡಿ ಒತ್ತುತ್ತಿದ್ದೆ. ಅವಳು ನಮ್ಮದೇ ಕಾಲೇಜು, ಬಿ.ಎ. ಅನ್ನುವುದೂ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ. ಆ ವಾಟ್ಸಾಪ್ ಗುಂಪಿನಲ್ಲಿ ಅವಳು ಇರಲಿಲ್ಲ.

ವರದಿ ನಾನೇ ಬರೆದೆ. ಅದರಲ್ಲಿ ಒಂದು ವಾಕ್ಯ ಇದೆ, ಈಗಲೂ ಬಾಯಿಪಾಠ: ‘ಒಬ್ಬ ಪ್ರಯಾಣಿಕರ ಅಶಿಸ್ತಿಗಾಗಿ ಅರವತ್ತು ಮಂದಿ ದಿನಾ ದಂಡ ತೆರುತ್ತಿದ್ದಾರೆ.’ ಕಡೂರಿನಲ್ಲಿ ನಡೆದ ಅಂತರಕಾಲೇಜು ಸಮ್ಮೇಳನದಲ್ಲಿ ಈ ವಾಕ್ಯ ಓದಿದಾಗ ಚಪ್ಪಾಳೆ ಬಿತ್ತು. ಮೊದಲ ಬಹುಮಾನವೂ ಬಂತು. ವಾಪಸ್ ಬಂದ ಮೇಲೆ ನಮ್ಮ ಕಾಲೇಜಿನ ಹಾಲಿನಲ್ಲೂ ಸನ್ಮಾನ. ಪರದೆಯ ಮೇಲೆ ಗ್ರಾಫ್ ಹಾಕಿ ತೋರಿಸಿದೆವು. ಸಾಲಾಗಿ ಗಿಡ್ಡ ಗಿಡ್ಡ ಕಂಬಗಳು, ನಡುವೆ ಬೇವಿನಕಟ್ಟೆ ಗೇಟ್ ಮಾತ್ರ ಕೆಂಪಗೆ ಎದ್ದು ನಿಂತಿತ್ತು. ಅಲ್ಲೂ ಚಪ್ಪಾಳೆ.

ವರದಿ ಡಿಪೋಗೆ ಹೋಯಿತು. ಅರ್ಜಿಗಾದರೆ ಆರು ತಿಂಗಳು. ನಮ್ಮ ಲೆಕ್ಕಕ್ಕೆ ಮೂರೇ ವಾರ. ಉಗ್ರಪ್ಪನವರನ್ನು ಲಕ್ಕವಳ್ಳಿ ರೂಟಿಗೆ ಹಾಕಿದರು. ಹೊಸ ಡ್ರೈವರ್ ಬಂದರು. ಬಸ್ಸು ಬೇವಿನಕಟ್ಟೆ ಗೇಟಿಗೆ ಎಂಟು ಹತ್ತಕ್ಕೆ ಬಂದು ಎಂಟು ಹತ್ತಕ್ಕೇ ಹೊರಡತೊಡಗಿತು. ಹಸಿರು, ಹಸಿರು, ಹಸಿರು. ನಾನು ಅದರ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್‌ಗೆ ಹಾಕಿದೆ.

ಆರನೇ ಸೆಮಿಸ್ಟರಿನ ಅರ್ಧ ಕಳೆದ ಮೇಲೆ ನೋಟಿಸ್ ಬೋರ್ಡಿನಲ್ಲಿ ಹಾಜರಾತಿ ಕೊರತೆಯ ಪಟ್ಟಿ ಬಿತ್ತು. ವೇದಿಕೆಯ ಪರವಾಗಿ ಅದನ್ನು ಫೋಟೋ ತೆಗೆದು ಗುಂಪಿಗೆ ಹಾಕುವುದು ನನ್ನ ಕೆಲಸ. ಫೋನ್ ಎತ್ತಿ ಹಿಡಿದಾಗ ಪಕ್ಕದಲ್ಲಿ ಒಬ್ಬಳು ಬೆರಳಿಟ್ಟು ಒಂದು ಹೆಸರು ಹುಡುಕುತ್ತಿದ್ದಳು. ಚೂಡಿದಾರದ ಅಂಚು ಒಣಗಿ ಮಣ್ಣು ಗಟ್ಟಿಯಾಗಿತ್ತು. ಅವಳೇ. ಬೆರಳು ನಿಂತ ಕಡೆ ‘ಮಾಯಾ ಸಿ., ತೃತೀಯ ಬಿ.ಎ., ರಾಜ್ಯಶಾಸ್ತ್ರ’ ಅಂತಿತ್ತು.

“ಏನಾಯ್ತು? ಹುಷಾರಿರಲಿಲ್ವಾ?” ಅಂದೆ.

“ಇಲ್ಲ. ಬಸ್ಸು ಸಿಗ್ತಿಲ್ಲ. ಫಸ್ಟ್ ಪೀರಿಯಡ್ಡೇ ಕಾಂತರಾಜು ಸರ್‌ದು. ಮುಂದಿನ ಬಸ್ಸಿಗೆ ಬಂದ್ರೆ ಹತ್ತೂವರೆ ಆಗೋಗುತ್ತೆ.”

“ಸ್ವಲ್ಪ ಬೇಗ ಹೊರಡಬಹುದಲ್ಲ?”

ನನಗೆ ಹೇಗೆ ಆ ಮಾತು ಬಂತೋ ಗೊತ್ತಿಲ್ಲ. ಅವಳು ಸಿಟ್ಟಾಗಲಿಲ್ಲ. ಕೆಲವರಿಗೆ ದಿನಾ ಅದೇ ಪ್ರಶ್ನೆ ಕೇಳಿ ಕೇಳಿ ಉತ್ತರ ಸವೆದಿರುತ್ತದೆ ನೋಡಿ, ಹಾಗೆ ಹೇಳಿದಳು: “ನೀರು ಬಿಟ್ಟು ಬರ್ಬೇಕು ಕಣೇ.”

ಅವಳ ಅಪ್ಪ ಚೌಡಪ್ಪ ಬೇವಿನಕಟ್ಟೆಯ ನೀರುಗಂಟಿ. ಪಂಚಾಯ್ತಿ ಕೆಲಸ. ಕರೆಂಟು ಬಂದಾಗ ಮೋಟರ್ ಹಾಕಿ ಟ್ಯಾಂಕು ತುಂಬಿಸಿ, ವಾಲ್ವ್ ತಿರುಗಿಸಿ ಮೊದಲು ಮೇಲ್ಕೇರಿಗೆ, ಆಮೇಲೆ ಕೆಳಕೇರಿಗೆ ನೀರು ಬಿಡುವುದು. ಎರಡು ವರ್ಷದ ಹಿಂದೆ ಟ್ಯಾಂಕ್ ತೊಳೆಯಲು ಹತ್ತಿದಾಗ ಏಣಿಯಿಂದ ಬಿದ್ದು ಸೊಂಟ ಮುರಿಯಿತು. ತಾಯಿ ಇಲ್ಲ. ಅಜ್ಜಿ ಜವರಮ್ಮನಿಗೆ ಕಣ್ಣು ಮಂಜು. ನೀರು ನಿಲ್ಲದಿದ್ದರೆ ಅಪ್ಪನ ಕೆಲಸ ಉಳಿಯುತ್ತದೆ; ಎರಡು ದಿನ ನೀರು ನಿಂತರೆ ಆ ಕೆಲಸಕ್ಕೆ ಕಾದು ಕೂತವರು ಊರಲ್ಲಿ ಬೇಕಾದಷ್ಟು ಜನ. ಹಾಗಾಗಿ ಮಾಯಾ ನೀರು ಬಿಡುತ್ತಿದ್ದಳು. ಕರೆಂಟು ಅವಳ ಕೈಲಿಲ್ಲ; ಅಪರೂಪಕ್ಕೆ ಒಂದೆರಡು ವಾರ ಐದಕ್ಕೆ ಬರುತ್ತದೆ, ಉಳಿದಂತೆ ಆರಕ್ಕೆ. ಆರರ ಸರದಿಯಲ್ಲಿ ನೀರು ಮುಗಿಸಿ ಒಂದೂವರೆ ಕಿಲೋಮೀಟರ್ ಓಡಿದರೆ ಎಂಟು ಹದಿನೈದು, ಎಂಟು ಹದಿನೇಳು. ಅದು ಉಗ್ರಪ್ಪನವರಿಗೆ ಗೊತ್ತಿತ್ತು. ಕಂಡಕ್ಟರಿಗೆ ಗೊತ್ತಿತ್ತು. ಮುಂದೆ ಕೂರುವ ಹಾಲಿನ ಕ್ಯಾನಿನವರಿಗೆ, ಆಸ್ಪತ್ರೆಯ ಆಯಾಗೆ, ಎಲ್ಲರಿಗೂ ಗೊತ್ತಿತ್ತು. ಹತ್ತಿದೊಡನೆ ಅವರು ಕೇಳುತ್ತಿದ್ದದ್ದು “ಕೆಳಕೇರಿಗೆ ಸಾಕಾಯ್ತೇನವ್ವಾ ನೀರು?” ಅಂತ. ಇಡೀ ಬಸ್ಸಿನಲ್ಲಿ ಗೊತ್ತಿಲ್ಲದಿದ್ದದ್ದು, ಕಿವಿ ಮುಚ್ಚಿಕೊಂಡು ಹೊತ್ತು ಬರೆಯುತ್ತಿದ್ದ ನಮಗೆ ಮಾತ್ರ.

ಆ ರಾತ್ರಿ ವರದಿ ತೆಗೆದು ಆ ವಾಕ್ಯವನ್ನು ಮತ್ತೆ ಓದಿದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು. ನಾಗರಿಕ ಸೇವೆ ಅಂತ ನಾವು ಸರ್ಟಿಫಿಕೇಟ್ ತಗೊಂಡು ಓಡಾಡುತ್ತಿದ್ದೆವು. ಊರಿಗೆ ನೀರು ಕೊಟ್ಟು ಬರುವವಳನ್ನು ಅಶಿಸ್ತು ಅಂತ ಬರೆದಿದ್ದೆ.

ಮರುದಿನದಿಂದ ಸರಿಮಾಡಲು ಓಡಾಡಿದೆ. ಮೊದಲು ಧನಪಾಲ್ ಹತ್ತಿರ ಹೋಗಿ ಆಪ್ ನಿಲ್ಲಿಸು ಅಂದೆ. “ನಮ್ಮ ಕೈಲಿ ಎಲ್ಲಿದೆ ಕಣೇ ಈಗ? ಸೆಕೆಂಡ್ ಇಯರ್‌ನೋರಿಗೆ ಕೊಟ್ಟಾಯ್ತು. ಡಿಪೋದೋರೂ ದಿನಾ ನೋಡ್ತಾರೆ” ಅಂದ. ಡಿಪೋಗೆ ಪತ್ರ ಬರೆದೆ, ಬೇವಿನಕಟ್ಟೆ ಗೇಟಿನಲ್ಲಿ ಏಳು ನಿಮಿಷ ಬಸ್ಸು ನಿಲ್ಲಿಸಬೇಕು ಅಂತ. ಬಂದ ಉತ್ತರದಲ್ಲಿ ನಮ್ಮದೇ ವರದಿಯನ್ನು ಪಿನ್ ಹೊಡೆದು ಕಳಿಸಿದ್ದರು. ನನ್ನ ಆ ವಾಕ್ಯದ ಕೆಳಗೆ ಯಾರೋ ಗೆರೆ ಎಳೆದಿದ್ದರು. ಹೊಸ ಡ್ರೈವರನ್ನೂ ಕೇಳಿದೆ. ಕೆಟ್ಟ ಮನುಷ್ಯರಲ್ಲ. “ನಿಲ್ಸೋಕೆ ನಂದೇನೂ ಇಲ್ಲಮ್ಮ. ಬರ್ಕೊಳ್ಳೋರು ಹಿಂದೆ ಕೂತಿರ್ತಾರಲ್ಲ. ನಂಗೂ ಹೆಂಡ್ತಿ ಮಕ್ಳು ಅವ್ರೆ” ಅಂದರು.

ಒಂದು ಮಧ್ಯಾಹ್ನ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಉಗ್ರಪ್ಪ ಸಿಕ್ಕಿದರು. ಲಕ್ಕವಳ್ಳಿ ಬಸ್ಸಿನ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ನಾನು ಯಾರು, ಏನು ಬರೆದೆ, ಎಲ್ಲ ಹೇಳಿದೆ. ಬೈಯಲಿ ಅಂತ ಕಾಯುತ್ತಿದ್ದೆ. ಬೈದರೆ ಒಂದಿಷ್ಟು ಹಗುರವಾಗುತ್ತಿತ್ತೇನೋ.

“ನೀನು ಬರ್ದಿದ್ದು ಸುಳ್ಳಲ್ಲವಲ್ಲ ತಾಯಿ. ಏಳು ನಿಮಿಷ ನಿಲ್ಲಿಸ್ತಿದ್ದೆ, ದಿಟ” ಅಂದರು.

“ಯಾಕೆ ನಿಲ್ಲಿಸ್ತಿದ್ದೆ ಅಂತ ಡಿಪೋದಲ್ಲಿ ಹೇಳಲಿಲ್ವಾ ಉಗ್ರಪ್ಪಣ್ಣ?”

“ಹೇಳ್ದೆ. ಅದ್ಕೆ ಕಾಲಂ ಇಲ್ಲ ಅಂದ್ರು.” ಮುದ್ದೆ ಮುರಿದು, ಬಾಯಿಗೆ ಹಾಕುವ ಮುಂಚೆ ನನ್ನ ಮುಖ ನೋಡಿದರು. “ದಿನಾ ಹಿಂದಿನ ಸೀಟಲ್ಲೇ ಕೂತಿರ್ತಿದ್ದೆ ನೀನು, ಕನ್ನಡೀಲಿ ಕಾಣ್ತಿದ್ದೆ. ಒಂದ್ಸಲ ಎದ್ದು ಬಂದು ಕೇಳಿದ್ರೆ ಹೇಳ್ತಿದ್ದೆ ಕಣವ್ವ.”

ಅವತ್ತಿನಿಂದ ನಾನು ಇಯರ್‌ಫೋನ್ ಹಾಕಿಕೊಂಡಿಲ್ಲ. ಇದರಿಂದ ಯಾರಿಗೂ ಏನೂ ಉಪಯೋಗವಾಗಿಲ್ಲ.

ಕೊನೆಗೆ ಕಾಂತರಾಜು ಸರ್ ಹತ್ತಿರ ಮಾಯಾಳನ್ನು ಕರೆದುಕೊಂಡು ಹೋದೆ. ಸರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಮೊದಲೇ ಬಂದು ಹೇಳಬಾರದಾಗಿತ್ತೇನಮ್ಮ? ಈಗ ಎಲ್ಲ ಪೋರ್ಟಲ್ಲು. ಎಪ್ಪತ್ತೈದು ಪರ್ಸೆಂಟ್ ಆಗಲಿಲ್ಲ ಅಂದ್ರೆ ಹಾಲ್ ಟಿಕೆಟ್ಟೇ ಹೊರಡಲ್ಲ. ನಾನು ಕೈಯಾರೆ ತಿದ್ದೋಕಾಗಲ್ಲ” ಅಂದವರು, ಲೆಕ್ಕ ಹಾಕಿದರು. ಉಳಿದಿದ್ದದ್ದು ಹನ್ನೆರಡು ಕ್ಲಾಸು. ಒಂದನ್ನೂ ತಪ್ಪಿಸದೆ ಹನ್ನೆರಡಕ್ಕೂ ಬಂದರೆ ಸರಿಯಾಗಿ ಎಪ್ಪತ್ತೈದು. ಒಂದು ತಪ್ಪಿದರೂ ಇಲ್ಲ.

“ಬತ್ತೀನಿ ಸರ್” ಅಂದಳು ಮಾಯಾ.

ಆ ವಾರವೂ ಮುಂದಿನ ವಾರವೂ ಕರೆಂಟಿನ ಸರದಿ ಐದು ಗಂಟೆಗೆ ಇತ್ತು. ಅವಳು ನಾಲ್ಕೂವರೆಗೆ ಎದ್ದು, ನೀರು ಮುಗಿಸಿ, ಬಸ್ಸು ಬರುವ ಮುಂಚೆ ಕಟ್ಟೆಯ ಮೇಲೆ ಬಂದು ಕೂತಿರುತ್ತಿದ್ದಳು. ನಾನು ಹಿಂದಿನ ಸೀಟು ಬಿಟ್ಟು ಮುಂದಕ್ಕೆ ಬಂದೆ. ಅವಳಿಗೆ ಪಕ್ಕದಲ್ಲಿ ಬ್ಯಾಗಿಟ್ಟು ಸೀಟು ಹಿಡಿಯುತ್ತಿದ್ದೆ. ಎಂಟು ಕ್ಲಾಸು ಹೀಗೆ ನಡೆಯಿತು. ಆ ಎಂಟು ದಿನ ನಾವು ಬೇಕಾದಷ್ಟು ಮಾತಾಡಿದೆವು. ವರದಿ ಬರೆದದ್ದು ನಾನೇ ಅಂತಲೂ ಮೊದಲ ದಿನವೇ ಹೇಳಿದೆ. ಡಿಗ್ರಿಯಾದ ಮೇಲೆ ಪಿ.ಡಿ.ಓ. ಪರೀಕ್ಷೆ ಕಟ್ಟಬೇಕು ಅಂತ ಅವಳಿಗಿತ್ತು. “ನೀರುಗಂಟಿ ಮಗಳು ಪಂಚಾಯ್ತಿ ಆಫೀಸರಾದ್ರೆ ಮೊದ್ಲು ಮಾಡೋ ಕೆಲ್ಸ ಏನ್ ಗೊತ್ತಾ? ಆ ಏಣಿ ಬದಲಾಯಿಸೋದು” ಅಂತ ನಗುತ್ತಿದ್ದಳು. ಮೂರು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿ, ಇಂಥವಳ ಜೊತೆ ಮಾತಾಡಲು ನನಗೆ ಕೊನೆಯ ತಿಂಗಳು ಬೇಕಾಯಿತು.

ಉಳಿದದ್ದು ನಾಲ್ಕು ಕ್ಲಾಸು. ಮುಂದಿನ ಸೋಮವಾರದಿಂದ ಕರೆಂಟು ಆರಕ್ಕೆ. “ಟ್ಯಾಂಕಿನ ಹತ್ರ ಮೇಲ್ಕೇರಿ ವಾಲ್ವ್, ಊರಿನ ಆ ಕೊನೇಲಿ ಕೆಳಕೇರಿದು. ಅಲ್ಲಿಂದ ಇಲ್ಲಿಗೆ ಓಡಾಡೋದ್ರಲ್ಲೇ ಟೈಮ್ ಹೋಗುತ್ತೆ. ಇನ್ನೊಂದು ಕೈ ಇದ್ದಿದ್ರೆ ಆರಾಮಾಗಿ ಬಸ್ ಸಿಗೋದು” ಅಂದಳು.

“ನಾನು ಬರ್ತೀನಿ” ಅಂದೆ. ಇಷ್ಟಾದರೂ ಮಾಡಲು ಸಿಕ್ಕಿತಲ್ಲ ಅಂತ ಜೀವ ಬಂದ ಹಾಗಾಯಿತು.

ಮನೆಯಲ್ಲಿ ಅಮ್ಮ, “ಅವರ ಕೇರಿಗೆ ನೀನ್ಯಾಕೆ ಹೋಗ್ಬೇಕು? ಅಲ್ಲಿ ಬೇರೆ ಯಾರೂ ಇಲ್ವಾ?” ಅಂದಳು. ಯಾವ ಅರ್ಥದಲ್ಲಿ ಅಂದಳು ಅನ್ನುವುದು ನನಗೂ ಗೊತ್ತು, ಅಪ್ಪನಿಗೂ ಗೊತ್ತು. ಅಪ್ಪ ಸೋಮವಾರ ಬೆಳಗಿನ ಜಾವವೇ ಟಿ.ವಿ.ಎಸ್. ಹೊರಗೆ ತೆಗೆದರು. ನನ್ನನ್ನು ಬೇವಿನಕಟ್ಟೆಗೆ ಬಿಟ್ಟು, ಅಂಗಡಿ ತೆಗೆಯಲು ವಾಪಸ್ ಹೋದರು.

ಮಾಯಾಳ ಮನೆಯ ಹಜಾರದಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ಅದರ ಕೆಳಗೆ ಮಂಚದ ಮೇಲೆ ಚೌಡಪ್ಪ. ಏಳಲಾಗದೆ ಕೈ ಎತ್ತಿ ಮುಗಿದರು. “ಮಗಳು ಹೇಳವ್ಳೆ ಕಣವ್ವ ನಿನ್ನ ವಿಷಯ. ಭಾಳ ಸಹಾಯ ಮಾಡ್ತಿದೀಯಂತೆ” ಅಂದರು. ವರದಿ ಬರೆದವಳು ನಾನು ಅಂತ ಅವಳು ಮನೆಯಲ್ಲಿ ಹೇಳಿರಲಿಲ್ಲ. ಜವರಮ್ಮಜ್ಜಿ ಕಾಫಿ ಕೊಟ್ಟರು, ಕುಡಿದು ಲೋಟ ತೊಳೆದಿಟ್ಟೆ.

ಮಾಯಾ ನನಗೆ ಕೆಲಸ ಹೇಳಿಕೊಟ್ಟಳು. ಕೆಳಕೇರಿಯ ತುದಿಯಲ್ಲಿ ಒಂದು ಗುಂಡಿ, ಅದರೊಳಗೆ ವಾಲ್ವ್. ಉದ್ದನೆಯ ಕಬ್ಬಿಣದ ಕೀಲಿ ಇಳಿಸಿ ತಿರುಗಿಸಬೇಕು. “ಮೇಲ್ಕೇರಿ ಮುಗಿದ ಮೇಲೆ ನಾನು ಮಿಸ್ಡ್ ಕಾಲ್ ಕೊಡ್ತೀನಿ. ಆವಾಗ ತಿರುಗ್ಸು. ಅದಕ್ಕೆ ಮುಂಚೆ ಮುಟ್ಬೇಡ. ಏಳೂ ಕಾಲಿನ ಹೊತ್ತಿಗೆ ಬರುತ್ತೆ ಕಾಲ್.”

ನಾನು ಗುಂಡಿಯ ಪಕ್ಕ ಫೋನ್ ಹಿಡಿದು ನಿಂತೆ. ಕೆಳಕೇರಿಯ ಹೆಂಗಸರು ಬಿಂದಿಗೆ ಸಾಲಿಟ್ಟು ನನ್ನನ್ನೇ ನೋಡುತ್ತಿದ್ದರು. ಏಳೂ ಕಾಲಾಯಿತು, ಕಾಲ್ ಬರಲಿಲ್ಲ. ಏಳು ಹದಿನೆಂಟು. ಏಳು ಇಪ್ಪತ್ತು. ಎಂಟು ಹತ್ತರಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಈಗಲೇ ಬಿಡದಿದ್ದರೆ ಕೆಳಕೇರಿ ಮುಗಿಯುವುದಿಲ್ಲ, ಬಸ್ಸು ಸಿಗುವುದಿಲ್ಲ. ಸಿಗ್ನಲ್ ಇಲ್ಲದೆ ಕಾಲ್ ಬಂದಿರಲಿಕ್ಕಿಲ್ಲ ಅಂದುಕೊಂಡೆ. ಫೋನಿನಲ್ಲಿ ಮೂರು ಕಡ್ಡಿ ಸಿಗ್ನಲ್ ಕಾಣುತ್ತಿತ್ತು. ಆದರೂ ಹಾಗಂದುಕೊಂಡೆ. ನಾನಾದರೂ ಒಂದು ಮಿಸ್ಡ್ ಕಾಲ್ ಕೊಟ್ಟು ಕೇಳಬಹುದಿತ್ತು. ಕೇಳಲಿಲ್ಲ. ಎರಡು ಕೈಲಿ ಕೀಲಿ ಹಿಡಿದು ತಿರುಗಿಸಿದೆ.

ನೀರು ಭೋರೆಂದು ಕೆಳಕೇರಿಗೆ ನುಗ್ಗಿತು. ನನಗೆ ಒಂದು ಕ್ಷಣ ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಮೇಲ್ಕೇರಿ ಕಡೆಯಿಂದ ಕೂಗಾಟ. ಮಾಯಾ ಓಡಿ ಬಂದಳು.

“ಯಾಕೆ ತಿರುಗ್ಸಿದೆ? ನಾನು ಕಾಲ್ ಕೊಟ್ಟಿರ್ಲಿಲ್ಲವಲ್ಲೇ!”

“ಏಳು ಇಪ್ಪತ್ತಾಯ್ತು ಅಂತ...”

“ಗಡಿಯಾರ ನೋಡ್ಕೊಂಡು ಬತ್ತದಾ ನೀರು? ಇವತ್ತು ವೋಲ್ಟೇಜ್ ಕಮ್ಮಿ, ಮೇಲ್ಕೇರೀಲಿ ಇನ್ನೂ ಹತ್ತು ಮನೆ ಇತ್ತು.”

ಎರಡು ವಾಲ್ವೂ ಒಟ್ಟಿಗೆ ತೆರೆದರೆ ನೀರೆಲ್ಲ ತಗ್ಗಿಗೆ ಹರಿದುಬಿಡುತ್ತದೆ. ಮೇಲಿನ ಪೈಪು ಬರಿದಾಗಿ ಗಾಳಿ ತುಂಬುತ್ತದೆ. ನಲ್ಲಿ ಬರೀ ಉಸ್ಸೆನ್ನುತ್ತದೆ. ಅವಳು ಕೆಳಗಿನದನ್ನು ಮುಚ್ಚಿ, ಮೇಲಕ್ಕೆ ಓಡಿ, ಗಾಳಿ ಬಿಡಿಸಿ, ಮತ್ತೆ ನೀರು ಏರುವವರೆಗೆ ಕಾದು, ಆ ಹತ್ತು ಮನೆ ಮುಗಿಸಿ, ಆಮೇಲೆ ಕೆಳಕೇರಿ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅನ್ನುತ್ತಾರಲ್ಲ, ನನ್ನದು ಅದೇ ಆಯಿತು. ಅವಳೊಬ್ಬಳೇ ಇದ್ದಿದ್ದರೂ ಓಡಿ ಬಸ್ಸು ಹಿಡಿಯುತ್ತಿದ್ದಳೋ ಏನೋ. ನಾನು ಹೋಗಿ ಹದಿನೈದು ನಿಮಿಷ ಹಾಳು ಮಾಡಿದೆ.

ಬಸ್ಸಿನಲ್ಲಿ ಕೂತಿರುತ್ತಿದ್ದ ಎರಡನೇ ವರ್ಷದ ಪ್ರಿಯಾಂಕಾಗೆ ಫೋನ್ ಮಾಡುತ್ತಲೇ ಓಡಿದೆ. ಎತ್ತಲಿಲ್ಲ. ಮಣ್ಣಿನ ದಾರಿ ಕೊನೆಯಾಗುವ ಮುಂಚೆ ಒಂದು ಸಣ್ಣ ದಿಬ್ಬ ಇದೆ. ಅದನ್ನು ಹತ್ತಿದಾಗ ಬಸ್ಸು ಗೇಟಿನಲ್ಲಿ ನಿಂತಿದ್ದು ಕಂಡಿತು. ಇಬ್ಬರೂ ಕೈ ಎತ್ತಿ ಕೂಗಿದೆವು. ಕಂಡಕ್ಟರ್ ಬಾಗಿಲಿಂದ ತಲೆ ಹೊರಗೆ ಹಾಕಿ ನೋಡಿದ ಹಾಗಿತ್ತು. ಬಸ್ಸು ಒಂದು ಸಲ ಮುಂದಕ್ಕೆ ಹೋಗಿ, ನಿಂತ ಹಾಗೆ ಮಾಡಿ, ಮತ್ತೆ ಹೊರಟಿತು. ನಾವು ಕಟ್ಟೆ ಮುಟ್ಟಿದಾಗ ರಸ್ತೆಯ ಮೇಲೆ ಧೂಳು ಮಾತ್ರ ಇತ್ತು.

ಅಪ್ಪನಿಗೆ ಫೋನ್ ಮಾಡಿದೆ. ಅವರು ಅಂಗಡಿ ಮುಚ್ಚಿ ಬಂದು ನಮ್ಮನ್ನು ಸೇರಿಸುವ ಹೊತ್ತಿಗೆ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಬಂದ ಒಂದು ಕಾರು ಕೈ ತೋರಿಸಿದರೂ ನಿಲ್ಲಲಿಲ್ಲ. ಅದರ ಹಿಂದೆ ಬೇರೆ ಯಾವುದೂ ಬರಲಿಲ್ಲ.

ಆಗ ನನ್ನ ಕೈಯಲ್ಲಿದ್ದ ಫೋನ್ ಟಿಣ್ ಅಂದಿತು. ‘ನಮ್ಮ ಬಸ್ಸು’ ಆಪಿನ ಸೂಚನೆ. ಬಸ್ಸಿನಲ್ಲಿ ಕೂತವರು ಯಾರೋ ತಪ್ಪದೆ ಒತ್ತಿದ್ದರು: ‘ಬೇವಿನಕಟ್ಟೆ ಗೇಟ್. 8.10. ವಿಳಂಬ ಇಲ್ಲ.’ ಪಕ್ಕದಲ್ಲಿ ಹಸಿರು ಚುಕ್ಕೆ.

“ಏನದು, ತೋರ್ಸು” ಅಂದಳು ಮಾಯಾ. ಅವಳದು ಗುಂಡಿ ಒತ್ತುವ ಸಣ್ಣ ಫೋನು. ಆಪ್ ಹೇಗಿರುತ್ತದೆ ಅಂತ ಅವಳು ಹತ್ತಿರದಿಂದ ನೋಡಿರಲೇ ಇಲ್ಲ. ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ. ಕೊಟ್ಟೆ. ಒದ್ದೆ ಬೆರಳನ್ನು ದುಪಟ್ಟಾಗೆ ಒರೆಸಿಕೊಂಡು ತೆಗೆದುಕೊಂಡಳು.

“ಓ, ಈಗ ಹಸಿರಾಗಿದೆಯಾ ನಮ್ಮೂರು? ಅವತ್ತು ಹಾಲಿನಲ್ಲಿ ಪರದೆ ಮೇಲೆ ಹಾಕಿದಾಗ ಕೆಂಪಗಿತ್ತು. ನಾನೂ ಕೂತಿದ್ದೆ, ಹಿಂದಿನ ಸಾಲಲ್ಲಿ. ಗ್ರಾಫ್ ಏನಂತ ನಂಗೆ ಗೊತ್ತಾಗ್ಲಿಲ್ಲ ಕಣೇ. ಅಷ್ಟೂ ಊರಲ್ಲಿ ನಮ್ಮೂರ ಹೆಸ್ರೇ ದೊಡ್ಡದಾಗಿ ಕಾಣ್ತಿತ್ತಲ್ಲ, ಖುಷಿ ಆಗೋಯ್ತು. ಎಲ್ರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದೆ.”

ನಾನು ಅತ್ತೆ. ಅವಳು ಅಳಲಿಲ್ಲ. “ಬಿಡೇ, ನೀನು ಬೇಕಂತ ಮಾಡಿದ್ದಲ್ಲವಲ್ಲ” ಅಂದಳು. ಮುಂದಿನ ವರ್ಷ ಮತ್ತೆ ಕಟ್ಟಬಹುದು, ಸರ್ ಹತ್ತಿರ ನಾನೇ ಮಾತಾಡುತ್ತೇನೆ ಅಂದೆ.

“ಮುಂದಿನ ವರ್ಷವೂ ಬಸ್ಸು ಎಂಟು ಹತ್ತಕ್ಕೇ ಅಲ್ವಾ?” ಅಂದಳು. ವ್ಯಂಗ್ಯವಿರಲಿಲ್ಲ, ನಿಜವಾಗಿ ಕೇಳಿದ್ದಳು. ಫೋನ್ ವಾಪಸ್ ಕೊಟ್ಟು, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಊರ ಕಡೆ ಹೊರಟಳು. ಹತ್ತು ಹೆಜ್ಜೆ ಹೋಗಿ ತಿರುಗಿ, “ಕೆಳಕೇರಿ ಗುಂಡಿ ಮೇಲೆ ಚಪ್ಪಡಿ ಮುಚ್ಚಿಲ್ಲ ನಾವು. ಮಕ್ಳು ಓಡಾಡ್ತವೆ” ಅಂದಳು. ಆಮೇಲೆ ತಿರುಗಿ ನೋಡಲಿಲ್ಲ.

ಮಾಯಾ ಪರೀಕ್ಷೆಗೆ ಕೂರಲಿಲ್ಲ. ಎಪ್ಪತ್ತೈದು ತಪ್ಪಿಸಲು ಆ ಒಂದೇ ಒಂದು ಕ್ಲಾಸು ಸಾಕಾಯಿತು. ಬಸ್ಸು ಈಗಲೂ ಹಸಿರಾಗಿಯೇ ಓಡುತ್ತಿದೆ. ಈ ವರ್ಷ ಬೇರೆ ಎರಡು ಕಾಲೇಜಿನವರು ಬಂದು ಪ್ರಾಜೆಕ್ಟ್ ನೋಡಿಕೊಂಡು ಹೋದರು.

ಆ ಸೋಮವಾರ ನಾನೂ ಕಾಲೇಜಿಗೆ ಹೋಗಲಿಲ್ಲ, ನನಗೂ ಒಂದು ದಿನದ ಹಾಜರಿ ತಪ್ಪಿತು. ನನಗೆ ಎಂಬತ್ತೊಂಬತ್ತು ಪರ್ಸೆಂಟ್ ಇತ್ತು. ಏನೂ ಆಗಲಿಲ್ಲ.